ಜಯಲಕ್ಷ್ಮಿ ವಿಲಾಸ: ರಾಜಕುಮಾರಿಯ ಮಹಲು, ಜನಪದರ ಮನೆ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹತ್ತಿರ, ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಒಳಗೆ ನಿಂತಿದೆ ಈ ಮಹಲು. 1905ರಲ್ಲಿ ಕಟ್ಟಿಸಿದ್ದು ಹತ್ತನೇ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರಿಗಾಗಿ. ಅವರ ಪತಿ ಎಂ. ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರೂ ಆದರು.

1959ರಲ್ಲಿ, ಕುವೆಂಪು ಉಪಕುಲಪತಿಗಳಾಗಿದ್ದಾಗ, ಸುತ್ತಲಿನ ಜಮೀನಿನ ಸಮೇತ ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಕೊಂಡಿತು. ಆ ನೆಲದಲ್ಲೇ ಮಾನಸಗಂಗೋತ್ರಿ ಬೆಳೆಯಿತು.

ಆಮೇಲಿನದ್ದೇ ನನಗೆ ಅತ್ಯಂತ ಪ್ರಿಯವಾದ ಭಾಗ. ರಾಜಕುಮಾರಿ ಓಡಾಡಿದ ಹಜಾರಗಳಿಗೆ ಹಳ್ಳಿಗಳ ಬದುಕು ಬಂತು! ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಸೋಮನ ಕುಣಿತದ ಮುಖವಾಡ, ಮನೆಬಳಕೆಯ ಸಾಮಾನು ಎಲ್ಲ ಸೇರಿ ಜಾನಪದ ವಸ್ತುಸಂಗ್ರಹಾಲಯವಾಯಿತು.

ನಡುವೆ ಕಟ್ಟಡ ತೀರಾ ಶಿಥಿಲವಾಗಿತ್ತು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ಕಂಡಿತು. ಆದರೆ ಇಷ್ಟೊಂದು ಮರಗೆಲಸವಿರುವ ಹಳೆಯ ಮಹಲಿಗೆ ಒಂದು ಸಲದ ದುರಸ್ತಿ ಸಾಲದು. ಮೈಸೂರಿಗೆ ಹೋದಾಗ ಅರಮನೆಯೊಂದನ್ನೇ ನೋಡಿ ಬರಬೇಡಿ, ತೆರೆದಿದೆಯೇ ಎಂದು ಕೇಳಿಕೊಂಡು ಇಲ್ಲಿಗೂ ಹೋಗಿ.