ಕೊಬ್ಬರಿ ಅಟ್ಟದ ಕೆಳಗಿನ ಯೆಜ್ಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೇ ತೋಟದ ಮನೆಗಳಲ್ಲಿ ಕೊಬ್ಬರಿ ಅಟ್ಟದ ಕೆಳಗಿನ ಜಾಗಕ್ಕೆ ಲೆಕ್ಕಪತ್ರ ಇಲ್ಲ. ಮೇಲೆ ಕಾಯಿ ಹತ್ತು-ಹನ್ನೊಂದು ತಿಂಗಳು ಕೂತು, ಒಳಗಿನ ನೀರು ಬತ್ತಿ ಗಿಟುಕಾಗುತ್ತಿರುತ್ತದೆ. ಕೆಳಗೆ ಮುರಿದ ನೇಗಿಲು, ಸುಟ್ಟ ಮೋಟಾರು, ಔಷಧಿ ಹೊಡೆಯುವ ಡಬ್ಬ. ಅವುಗಳ ಹಿಂದೆ ಗೋಣಿತಾಟು ಹೊದ್ದುಕೊಂಡ ಎರಡು ಸೈಲೆನ್ಸರಿನ ಜಾವಾನೋ ಯೆಜ್ಡಿಯೋ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಅಜ್ಜನೋ ದೊಡ್ಡಪ್ಪನೋ ಮಂಡಿಗೆ ಓಡಾಡಿದ ಗಾಡಿ ಅದು. "ಯಜಮಾನ್ರೇ, ತೂಕಕ್ಕೆ ಹಾಕಿಬಿಡಿ" ಎಂದು ಗುಜರಿಯವನು ಕೇಳುತ್ತಲೇ ಇರುತ್ತಾನೆ. ಹಾಕುವ ಮುಂಚೆ ಈ ಲೇಖನ ಓದಿ.

ಹಳೇ ಗಾಡಿಯ ಕೆಲಸಕ್ಕೆ ಹೊಸದಾಗಿ ಕೈಹಾಕುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಭಿಮಾನದ ಮಾತಲ್ಲ ಇದು. ಗಾಡಿಯನ್ನು ಕಟ್ಟಿರುವುದೇ ಹಾಗೆ. 1929ರಲ್ಲಿ ಪ್ರಾಗ್‌ನಲ್ಲಿ ಶುರುವಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. ಎಂಬತ್ತರ ದಶಕದಲ್ಲಿ ಕಡಿಮೆ ಪೆಟ್ರೋಲು ಕುಡಿಯುವ ಜಪಾನಿ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದ ಮೇಲೆ ಲೆಕ್ಕ ತಪ್ಪಿತು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಮೈಸೂರಿನಿಂದ ನಾಗಮಂಗಲ, ಮಾಯಸಂದ್ರ, ತುರುವೇಕೆರೆ, ಕೆ.ಬಿ. ಕ್ರಾಸ್ ಹಾದು ಚಿಕ್ಕನಾಯಕನಹಳ್ಳಿ, ಹುಳಿಯಾರಿಗೆ ಹೋಗುವುದು ಒಂದೇ ಹೆದ್ದಾರಿ. ಈ ಸೀಮೆಗೆ ಇದು ಪರದೇಶದ ಗಾಡಿ ಅಲ್ಲ, ಅದೇ ರಸ್ತೆಯ ಆ ತುದಿಯದು.

ಒಳಗೆ ಬಿಚ್ಚಿ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಒಂದೇ ಸಿಲಿಂಡರು, ಎರಡು ಸ್ಟ್ರೋಕು. ವಾಲ್ವಿಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಆಡುತ್ತ ಗಾಳಿಕಂಡಿಗಳನ್ನು ತೆರೆದು ಮುಚ್ಚುತ್ತದೆ. ಸಿಲಿಂಡರು ಒಂದಾದರೂ ಹೊಗೆ ಹೋಗಲು ಎರಡು ದಾರಿ, ಅದಕ್ಕೇ ಆ ಎರಡು ಸೈಲೆನ್ಸರು. ಗೇರ್ ಹಾಕುವ ಲಿವರನ್ನೇ ಒಳಗೊತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಹಳೇ ಜಾವಾದಲ್ಲಿ ಗೇರ್ ಲಿವರ್ ಒತ್ತುತ್ತಲೇ ಕ್ಲಚ್ಚು ತಾನಾಗಿ ಬಿಡುತ್ತಿತ್ತು. ಹಿಂದಿನ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ, ತೋಟದ ಮಣ್ಣು ತಾಕುವುದಿಲ್ಲ. ನಾಲ್ಕು ಪಾನಾ, ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡು ಅರ್ಧ ಗಾಡಿ ಬಿಚ್ಚಬಹುದು.

ಆದರೆ ಪಾನಾ ಹಿಡಿಯುವ ಮೊದಲು ಕಾಗದ ಹುಡುಕಿ. ಇದನ್ನು ಬಿಟ್ಟವರೇ ಹೆಚ್ಚು ಅಳುವುದು. ಆರ್‌ಸಿಯಲ್ಲಿರುವ ಇಂಜಿನ್ ನಂಬರು, ಚಾಸಿಸ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಎಷ್ಟೋ ಗಾಡಿಗಳ ಇಂಜಿನ್ನು ನಡುವೆ ಯಾವಾಗಲೋ ಬದಲಾಗಿರುತ್ತದೆ. ಅಜ್ಜನ ಹೆಸರಲ್ಲೇ ಉಳಿದಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31, ಹದಿನೈದು ವರ್ಷ ದಾಟಿದ ಆರ್‌ಸಿ ನವೀಕರಣಕ್ಕೆ ಫಾರಂ 25. ತಿಪಟೂರಿನಲ್ಲೇ ಕೆಎ-44ರ ಆರ್‌ಟಿಒ ಕಚೇರಿ ಇರುವುದರಿಂದ ತುಮಕೂರಿನವರೆಗೆ ಅಲೆಯುವುದು ತಪ್ಪಿದೆ. 50 ವರ್ಷ ದಾಟಿ ಮೂಲರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು. ಅದು ಪ್ರದರ್ಶನ, ರ್‍ಯಾಲಿಗಳಿಗೆ ಮಾತ್ರ, ದಿನನಿತ್ಯ ಓಡಿಸುವ ಹಾಗಿಲ್ಲ. ಕಾಗದವೇ ಇಲ್ಲದ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿಭಾಗಕ್ಕೆಂದು ಕೊಳ್ಳಬಹುದು, ಓಡಿಸಲು ಅಲ್ಲ.

ಇನ್ನು ಇಂಜಿನ್ನು. ವರ್ಷಗಟ್ಟಲೆ ನಿಂತ ಗಾಡಿಯ ಪಿಸ್ಟನ್ನು ತುಕ್ಕಿಗೆ ಕಚ್ಚಿಕೊಂಡಿರುತ್ತದೆ. ಕಿಕ್ಕರ್ ಮೇಲೆ ನಿಂತು ಕುಣಿಯಬಾರದು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ ಸುರಿದು ನಾಲ್ಕೈದು ದಿನ ಸುಮ್ಮನೆ ಬಿಡಿ. ಬಿಡಲಿಲ್ಲವೆಂದರೆ ಇನ್ನೂ ನಾಲ್ಕೈದು ದಿನ. ನಮ್ಮ ಕಡೆ ಯಾರಾದರೊಬ್ಬರು "ಕೊಬ್ಬರಿ ಎಣ್ಣೆ ಬಿಡ್ರೀ" ಎಂದೇ ಅನ್ನುತ್ತಾರೆ. ಒಂದು ಕಾಲದಲ್ಲಿ ರೇಸ್ ಇಂಜಿನುಗಳಿಗೆ ಹರಳೆಣ್ಣೆ ಹಾಕುತ್ತಿದ್ದದ್ದು ನಿಜ, ಕೊಬ್ಬರಿ ಎಣ್ಣೆಗೆ ಆ ಮರ್ಯಾದೆ ಸಿಕ್ಕಿಲ್ಲ. 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿಯಾಗುವ ಎಣ್ಣೆ ಧನುರ್ಮಾಸದ ಬೆಳಗ್ಗೆ ಪಿಸ್ಟನ್ ತಲೆಯ ಮೇಲೆ ತುಪ್ಪದಂತೆ ಕೂತಿರುತ್ತದೆ.

ಪಿಸ್ಟನ್ನು ಬಿಟ್ಟು, ಇಂಜಿನ್ನು ಸ್ಟಾರ್ಟಾಗಿ ಹೊಗೆ ಬಂದರೆ ಕೆಲಸ ಮುಗಿಯಿತೆಂದು ಕುಣಿಯುವವರಿದ್ದಾರೆ. ನಿಜವಾದ ಅಪಾಯ ಅಲ್ಲಿಂದ ಶುರು. ಟೂ ಸ್ಟ್ರೋಕ್ ಇಂಜಿನ್ನಿನ ಕೆಳಹೊಟ್ಟೆ, ಅಂದರೆ ಕ್ರ್ಯಾಂಕ್‌ಕೇಸು, ಗಾಳಿಯಾಡದ ಹಾಗೆ ಬಿಗಿಯಾಗಿರಬೇಕು. ಪೆಟ್ರೋಲ್ ಹಬೆಯನ್ನು ಮೇಲಕ್ಕೆ ದೂಡುವುದು ಅದೇ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳು ನಿಂತಲ್ಲೇ ನಿಂತು ಗಟ್ಟಿಯಾಗಿ ಬಿರಿದಿರುತ್ತವೆ. ಒಂದು ಕಡೆ ಸೋರಿದರೆ ಗೇರ್‌ಬಾಕ್ಸಿನ ಆಯಿಲ್ ಒಳಗೆ ಎಳೆದು ಊರೆಲ್ಲ ಹೊಗೆ. ಇನ್ನೊಂದು ಕಡೆ ಸೋರಿದರೆ ಬರೀ ಗಾಳಿ ಹೊಕ್ಕು, ಎಣ್ಣೆ ಬೆರೆತ ಪೆಟ್ರೋಲು ಸಾಲದೆ ಓಡುವಾಗಲೇ ಪಿಸ್ಟನ್ ಕಚ್ಚುತ್ತದೆ. ಹಾಗಾಗಿ ಎಷ್ಟೇ ಚೆನ್ನಾಗಿ ಸ್ಟಾರ್ಟಾದರೂ ಇಂಜಿನ್ ಇಳಿಸಿ ಸೀಲು, ಬೇರಿಂಗು ಬದಲಿಸಿಯೇ ರಸ್ತೆಗಿಳಿಸಬೇಕು. ಸಿಲಿಂಡರ್ ಗೀರಾಗಿದ್ದರೆ ಲೇತಿನಲ್ಲಿ ಬೋರ್ ಮಾಡಿಸಿ, ಕೂದಲೆಳೆಯಷ್ಟು ದಪ್ಪ ಹೆಚ್ಚಿರುವ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಕ್ರ್ಯಾಂಕ್ ಬಿಚ್ಚಿ ಕೂರಿಸುವುದು ಮಾತ್ರ ಹೊಸಬರ ಕೆಲಸವಲ್ಲ, ಹಳೇ ಯೆಜ್ಡಿ ಮೆಕ್ಯಾನಿಕ್ಕುಗಳಿಗೇ ಬಿಡಿ. ಪಕ್ಕದಲ್ಲಿ ಕೂತು ನೋಡಿ, ಟೀ ತರಿಸಿ.

ಮಿಕ್ಕದ್ದು ತಾಳ್ಮೆಯ ಕೆಲಸ. ಇಲಿ ಕಡಿದ ವೈರಿಂಗ್ ಪೂರ್ತಿ ಹೊಸದು ಹಾಕಿ, ತೇಪೆ ಹಚ್ಚಬೇಡಿ. ಇಗ್ನಿಷನ್ ಪಾಯಿಂಟನ್ನು ಉಜ್ಜಿ, ಫೀಲರ್ ಗೇಜಿನಲ್ಲಿ 0.4 ಮಿಲಿಮೀಟರ್ ಸಂದು ಬಿಡಿ. ಟ್ಯಾಂಕಿನೊಳಗಿನ ತುಕ್ಕಿಗೆ ವಿನೆಗರ್ ತುಂಬಿ, ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ಒಣಗಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲು ನೀರು ಹೀರುವುದರಿಂದ, ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಿದರೆ ತುಕ್ಕು ಮತ್ತೆ ಹಾಜರ್. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಕಡೆ ಸಿಗುತ್ತವೆ. ಕ್ರೋಮಿಂಗ್, ಬಣ್ಣ ಎಲ್ಲಕ್ಕಿಂತ ಕೊನೆಗೆ. ದುಡ್ಡು ಕರಗುವುದು ಅಲ್ಲಿಯೇ.

ಕಸ್ಟಮೈಸ್ ಮಾಡುವ ಆಸೆ ಎಲ್ಲ ಹುಡುಗರಿಗೂ ಇರುತ್ತದೆ. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಸೀಟು ಮೊಟಕು ಮಾಡಿ, ಸೈಲೆನ್ಸರ್ ಬೋಳು ಮಾಡಿ ಕೆಫೆ ರೇಸರ್ ಅಂತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ವಿವರಗಳನ್ನು ಬದಲಿಸಲು ಬಿಡುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾನೂನು ಒತ್ತಟ್ಟಿಗಿರಲಿ, ಟೂ ಸ್ಟ್ರೋಕಿನಲ್ಲಿ ಸೈಲೆನ್ಸರೂ ಇಂಜಿನ್ನಿನ ಭಾಗವೇ. ಒಳಗಿನ ಬ್ಯಾಫಲ್ ಕಿತ್ತರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ. ನಟ್ಟು ಬೋಲ್ಟಿನಲ್ಲಿ ಹಾಕಿ ತೆಗೆಯಬಹುದಾದ ಹ್ಯಾಂಡಲು, ಸೀಟು, ಇಂಡಿಕೇಟರ್ ಬದಲಿಸಿಕೊಳ್ಳಿ, ಸಾಕು. ವೆಲ್ಡಿಂಗ್ ಯಂತ್ರವನ್ನೂ ಕಟಿಂಗ್ ಬ್ಲೇಡನ್ನೂ ಚಾಸಿಸ್ ಹತ್ತಿರ ತರಬೇಡಿ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಆ ದಿನದ ಕೂಟಕ್ಕೆ ಹೋಗುವ ಆತುರದಲ್ಲಿ ಹೊಸದಾಗಿ ಬೋರ್ ಮಾಡಿಸಿದ ಗಾಡಿಯನ್ನು ಬಿ.ಎಚ್. (ಬೆಂಗಳೂರು-ಹೊನ್ನಾವರ) ರಸ್ತೆಯಲ್ಲಿ ಬಿಗಿ ಹಿಡಿದು ಓಡಿಸುವ ಹಾಗಿಲ್ಲ. ಪೆಟ್ರೋಲಿಗೆ ಟೂಟಿ (2T) ಆಯಿಲ್ ಸರಿಯಾಗಿ ಅಳೆದು ಬೆರೆಸಿ, ಮೊದಲ ಐನೂರು ಕಿಲೋಮೀಟರು ನಿಧಾನಕ್ಕೆ, ನಡುನಡುವೆ ನಿಲ್ಲಿಸಿ ತಣಿಸುತ್ತ ಹೋಗಿ. ಕೆ.ಬಿ. ಕ್ರಾಸಿನಿಂದ ಚಿಕ್ಕನಾಯಕನಹಳ್ಳಿವರೆಗೆ ಒಂದು ಸುತ್ತು ಹೊಡೆದು, ಪ್ಲಗ್ ಬಿಚ್ಚಿ ತುದಿ ನೋಡಿ. ಕಾಫಿಪುಡಿ ಬಣ್ಣವಿದ್ದರೆ ಎಲ್ಲ ಸರಿಯಿದೆ. ಕಪ್ಪಗೆ ಒದ್ದೆಯಿದ್ದರೆ ಕಾರ್ಬುರೇಟರಿಗೆ ಇನ್ನೊಮ್ಮೆ ಕೈಹಾಕಿ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇನ್ನು ಕಿಕ್ ಹೊಡೆಯಬೇಡಿ, ಒಂದು ಲಗೇಜ್ ಆಟೋ ಕರೆಸಿ.