ಲಿನಕ್ಸ್ ಡೆಸ್ಕ್‌ಟಾಪ್ ಪರಿಸರದಲ್ಲಿ ಕನ್ನಡ: ದೋಷ ಪರಿಹಾರ ಮತ್ತು ಮಾರ್ಪಾಡು

ಡೆಸ್ಕ್‌ಟಾಪ್ ಪರಿಸರ ಎಂಬುದು ಗಣಕದ ಪರದೆಯ ಮೇಲೆ ಕಾಣುವ ಕಿಟಕಿ, ಫಲಕ, ಚಿಹ್ನೆ, ಕಡತ ನಿರ್ವಾಹಕ ಮತ್ತು ಸಿದ್ಧತೆಗಳನ್ನು ಒಟ್ಟಾಗಿ ಒದಗಿಸುವ ತಂತ್ರಾಂಶಗಳ ಸಮೂಹವಾಗಿದೆ. ಲಿನಕ್ಸ್‌ನಲ್ಲಿ ಇದು ಕಾರ್ಯಾಚರಣ ವ್ಯವಸ್ಥೆಯಿಂದ ಬೇರೆಯಾದ ಪದರವಾಗಿರುವುದರಿಂದ, ಒಂದೇ ಗಣಕದಲ್ಲಿ ಹಲವು ಪರಿಸರಗಳನ್ನು ಸ್ಥಾಪಿಸಿ ಬೇಕಾದುದನ್ನು ಲಾಗಿನ್ ಸಮಯದಲ್ಲಿ ಆರಿಸಿಕೊಳ್ಳಬಹುದು. 1996ರಲ್ಲಿ ಆರಂಭವಾದ ಕೆಡಿಇ ಹಾಗೂ 1997ರಲ್ಲಿ ಆರಂಭವಾದ ಗ್ನೋಮ್ ಇವುಗಳಲ್ಲಿ ಪ್ರಮುಖವಾದವು. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಕಡಿಮೆ ಸ್ಮೃತಿಯುಳ್ಳ ಹಳೆಯ ಗಣಕಗಳಿಗೂ ಹೊಂದುತ್ತವೆ. ಕನ್ನಡ ಬಳಕೆದಾರರು ಎದುರಿಸುವ ಬಹುತೇಕ ತೊಂದರೆಗಳು ಫಾಂಟ್, ಅಕ್ಷರ ಜೋಡಣೆ, ಕೀಲಿಮಣೆ ಮತ್ತು ಸಿದ್ಧತೆಗಳ ಕಡತ ಎಂಬ ನಾಲ್ಕು ಪದರಗಳಲ್ಲಿ ಯಾವುದಾದರೊಂದಕ್ಕೆ ಸೇರಿರುತ್ತವೆ.

ಹಿನ್ನೆಲೆ

ಗಣಕದಲ್ಲಿ ಕನ್ನಡದ ಬಳಕೆ ಕುರಿತ ಚಿಂತನೆಗೆ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯ ಕೊಡುಗೆಯೂ ಇದೆ. ಮೂಡಿಗೆರೆಯಲ್ಲಿ ನೆಲೆಸಿ ಕಾಫಿ ಬೆಳೆಯುತ್ತಿದ್ದ ಲೇಖಕ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರು ಕನ್ನಡ ತಂತ್ರಾಂಶಗಳ ಅಭಿವೃದ್ಧಿಗಾಗಿ ಶ್ರಮಿಸಿದರು. ಅವರ ಪ್ರೇರಣೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ ತಂತ್ರಾಂಶಕ್ಕೆ ‘ಕುವೆಂಪು’ ಎಂಬ ಹೆಸರಿಡಲಾಯಿತು. ಇನ್ನೊಂದೆಡೆ, ಸ್ವಯಂಸೇವಕರು ಗ್ನೋಮ್ ಮತ್ತು ಕೆಡಿಇ ಪರಿಸರಗಳ ಪಟ್ಟಿಗಳನ್ನೂ ಸಂದೇಶಗಳನ್ನೂ ಕನ್ನಡಕ್ಕೆ ಅನುವಾದಿಸಿದ್ದಾರೆ. ಮುಕ್ತ ತಂತ್ರಾಂಶದ ಆಕರ ಸಂಕೇತವು ಎಲ್ಲರಿಗೂ ಲಭ್ಯವಿರುವುದರಿಂದ, ತಪ್ಪು ಅನುವಾದವನ್ನಾಗಲಿ ಫಾಂಟಿನ ದೋಷವನ್ನಾಗಲಿ ಬಳಕೆದಾರರೇ ತಿದ್ದಿ ಮೂಲ ಯೋಜನೆಗೆ ಕಳುಹಿಸಬಹುದಾಗಿದೆ.

ಅಕ್ಷರಗಳು ಸರಿಯಾಗಿ ಕಾಣದಿದ್ದಾಗ

ಅಕ್ಷರಗಳ ಬದಲು ಚೌಕಗಳು ಕಂಡರೆ ಕನ್ನಡ ಫಾಂಟ್ ಇಲ್ಲವೆಂದು ಅರ್ಥ. ನೋಟೊ, ಲೋಹಿತ್, ಗುಬ್ಬಿ, ನವಿಲು ಮೊದಲಾದ ಫಾಂಟ್‌ಗಳು ಉಚಿತವಾಗಿ ದೊರೆಯುತ್ತವೆ. ಇವುಗಳನ್ನು ವಿತರಣೆಯ ತಂತ್ರಾಂಶ ಭಂಡಾರದಿಂದ ಸ್ಥಾಪಿಸಬಹುದು. ಅಂತರಜಾಲ ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ಪೆನ್‌ಡ್ರೈವ್ ಮೂಲಕ ತಂದು ಬಳಕೆದಾರರ ಸ್ವಂತ ಫಾಂಟ್ ಕಡತಕೋಶಕ್ಕೆ ಸೇರಿಸಿದರೂ ಸಾಕು.

ಅಕ್ಷರಗಳು ಕಂಡರೂ ಒತ್ತಕ್ಷರಗಳು ಬಿಡಿಬಿಡಿಯಾಗಿದ್ದರೆ ಅದು ಜೋಡಣೆಯ ದೋಷ. ಯುನಿಕೋಡ್‌ನಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ. ವ್ಯಂಜನ, ವಿರಾಮ, ವ್ಯಂಜನ ಎಂಬ ಅನುಕ್ರಮವನ್ನು ಹಾರ್ಫ್‌ಬಝ್‌ನಂತಹ ಜೋಡಣಾ ತಂತ್ರಾಂಶವು ಫಾಂಟಿನ ನಿಯಮಗಳಂತೆ ಒಂದಾಗಿ ಚಿತ್ರಿಸುತ್ತದೆ. ‘ಚಿಕ್ಕಮಗಳೂರು’ ಎಂಬ ಪದವು ‘ಚಿಕ್‌ಕಮಗಳೂರು’ ಎಂದು ಕಂಡರೆ ಈ ಹಂತ ವಿಫಲವಾಗಿದೆ ಎಂದು ತಿಳಿಯಬೇಕು. ‘ಪೂರ್ಣಚಂದ್ರ’ ಎಂಬ ಹೆಸರಿನಿಂದ ಅರ್ಕಾವತ್ತನ್ನೂ ಒತ್ತಕ್ಷರವನ್ನೂ ಒಟ್ಟಿಗೆ ಪರೀಕ್ಷಿಸಬಹುದು. ‘ರ‍್ಯಾಂಕ್’ ಪದದಲ್ಲಿ ಅರ್ಕಾವತ್ತು ಬಾರದಿರಲು ‘ರ’ಕಾರದ ನಂತರ ಕಾಣದ ಜೋಡಕ ಸಂಕೇತವೊಂದು ಇರಬೇಕಾಗುತ್ತದೆ. ‘ಕಾಫಿ’ ಪದವನ್ನು ನುಕ್ತಾ ಸೇರಿಸಿ ‘ಕಾಫ಼ಿ’ ಎಂದು ಬರೆದಾಗ ಹಳೆಯ ಫಾಂಟ್‌ಗಳಲ್ಲಿ ಚುಕ್ಕಿಗಳ ವೃತ್ತ ಕಾಣಿಸಬಹುದು. ಕನ್ನಡದ ನುಕ್ತಾ ಚಿಹ್ನೆಯು ಯುನಿಕೋಡ್‌ಗೆ ಸೇರಿದ್ದು 2003ರ 4.0 ಆವೃತ್ತಿಯಲ್ಲಿ ಎಂಬುದೇ ಇದಕ್ಕೆ ಕಾರಣ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಕಡತ ಹಾಳಾಗಿಲ್ಲ, ಅದು ಯುನಿಕೋಡ್‌ನಲ್ಲಿಲ್ಲ ಅಷ್ಟೆ. ಪರಿವರ್ತಕವನ್ನು ಬಳಸಿ ಯುನಿಕೋಡ್‌ಗೆ ಬದಲಾಯಿಸಿದರೆ ಓದಲು ಮಾತ್ರವಲ್ಲದೆ ಹುಡುಕಲೂ ಅಕಾರಾದಿಯಾಗಿ ಜೋಡಿಸಲೂ ಸಾಧ್ಯವಾಗುತ್ತದೆ.

ಕೀಲಿಮಣೆ

ಲಿನಕ್ಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಹಾಗೂ ಕಗಪ ವಿನ್ಯಾಸಗಳೆರಡೂ ಲಭ್ಯವಿವೆ. ಗ್ನೋಮ್‌ನಲ್ಲಿ ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಯು ಒಳಗೊಂಡಿರುತ್ತದೆ; ಸೂಪರ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಭಾಷೆಯನ್ನು ಬದಲಾಯಿಸಬಹುದು. ಒಂದು ತಂತ್ರಾಂಶದಲ್ಲಿ ಕನ್ನಡ ಮೂಡಿ ಇನ್ನೊಂದರಲ್ಲಿ ಮೂಡದಿದ್ದರೆ, ಎರಡನೆಯದು ಇನ್‌ಪುಟ್ ವ್ಯವಸ್ಥೆಯೊಂದಿಗೆ ಸಂಪರ್ಕ ಹೊಂದಿಲ್ಲವೆಂದು ತಿಳಿಯಬೇಕು. ವೇಲ್ಯಾಂಡ್ ಆಧಾರಿತ ಕೆಡಿಇಯಲ್ಲಿ ‘ವರ್ಚುವಲ್ ಕೀಬೋರ್ಡ್’ ಸಿದ್ಧತೆಯಡಿ ಐಬಸ್ ಅಥವಾ ಎಫ್‌ಸಿಐಟಿಎಕ್ಸ್ 5 ಅನ್ನು ಆರಿಸಬೇಕಾಗುತ್ತದೆ.

ಪರದೆ ಆರಂಭವಾಗದಿದ್ದಾಗ

ಗುಪ್ತಪದ ಸರಿಯಿದ್ದರೂ ಲಾಗಿನ್ ಪರದೆಯೇ ಮತ್ತೆ ಮತ್ತೆ ಬರುವುದಕ್ಕೆ ಡಿಸ್ಕ್ ತುಂಬಿರುವುದು, ಬಳಕೆದಾರರ ಕಡತಗಳ ಒಡೆತನ ಬದಲಾಗಿರುವುದು ಅಥವಾ ಸಿದ್ಧತೆಗಳ ಕಡತ ಕೆಟ್ಟಿರುವುದು ಸಾಮಾನ್ಯ ಕಾರಣಗಳು. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪಠ್ಯ ಪರದೆ ತೆರೆದುಕೊಳ್ಳುತ್ತದೆ. ಅಲ್ಲಿ ಮೊದಲು ಡಿಸ್ಕಿನ ಖಾಲಿ ಜಾಗವನ್ನೂ ಬಳಿಕ ವ್ಯವಸ್ಥೆಯ ದಿನಚರಿಯನ್ನೂ ಪರಿಶೀಲಿಸಬೇಕು. ಈ ಪರದೆಗೆ ಕನ್ನಡ ಲಿಪಿಯನ್ನು ತೋರಿಸುವ ಸಾಮರ್ಥ್ಯವಿಲ್ಲದಿರುವುದರಿಂದ, ವ್ಯವಸ್ಥೆಯ ಭಾಷೆ ಕನ್ನಡವಾಗಿದ್ದರೆ ದೋಷ ಸಂದೇಶಗಳು ಓದಲಾಗದಂತಿರುತ್ತವೆ. ಆಗ ಆ ಅಧಿವೇಶನದ ಮಟ್ಟಿಗೆ ಭಾಷೆಯನ್ನು ಇಂಗ್ಲಿಷ್‌ಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ.

ಸಿದ್ಧತೆಗಳು ಪ್ರತಿ ಬಳಕೆದಾರರ ಮನೆ ಕಡತಕೋಶದ ‘ಕಾನ್ಫಿಗ್’ ಎಂಬ ಅಡಗಿದ ಕಡತಕೋಶದಲ್ಲಿರುತ್ತವೆ. ಕೆಟ್ಟಿರುವ ಪರಿಸರಕ್ಕೆ ಸೇರಿದ ಭಾಗವನ್ನು ಅಳಿಸುವ ಬದಲು ಹೆಸರು ಬದಲಿಸಿ ಮತ್ತೆ ಲಾಗಿನ್ ಆದರೆ, ಮೂಲ ಸಿದ್ಧತೆಗಳು ಹೊಸದಾಗಿ ಸೃಷ್ಟಿಯಾಗುತ್ತವೆ. ಬರಹಗಳು ಮತ್ತು ಚಿತ್ರಗಳು ಇದರಿಂದ ನಷ್ಟವಾಗುವುದಿಲ್ಲ.

ಮಳೆಗಾಲದಲ್ಲಿ ಮೂಡಿಗೆರೆ, ಕಳಸದಂತಹ ಮಲೆನಾಡಿನ ಊರುಗಳಲ್ಲಿ ಗಾಳಿಗೆ ಮರ ಬಿದ್ದು ವಿದ್ಯುತ್ ಹಠಾತ್ತಾಗಿ ಕಡಿತಗೊಳ್ಳುವುದುಂಟು. ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ಜರ್ನಲ್ ಇಂತಹ ಸಂದರ್ಭದಲ್ಲಿ ಡಿಸ್ಕಿನ ರಚನೆಯನ್ನು ಕಾಪಾಡುತ್ತದೆ. ಆದರೆ ಉಳಿಸದ ಬರಹವನ್ನು ಕಾಪಾಡಲಾರದು. ಲಿಬ್ರೆಆಫೀಸ್‌ನಲ್ಲಿ 10 ನಿಮಿಷಗಳಿಗೊಮ್ಮೆ ನಡೆಯುವ ಸ್ವಯಂ ಉಳಿಕೆಯ ಅವಧಿಯನ್ನು ಕಡಿಮೆ ಮಾಡಿಕೊಳ್ಳುವುದು ಸೂಕ್ತ.

ಮಾರ್ಪಾಡು

ಫಲಕದ ಸ್ಥಾನ, ಬಣ್ಣ, ಚಿಹ್ನೆಗಳು ಮತ್ತು ಕೀಲಿಗಳ ಸಂಯೋಜನೆಗಳನ್ನು ಕೆಡಿಇ ಹಾಗೂ ಎಕ್ಸ್‌ಎಫ್‌ಸಿಇಯಲ್ಲಿ ನೇರವಾಗಿ ಬದಲಾಯಿಸಬಹುದು. ಗ್ನೋಮ್‌ನಲ್ಲಿ ಇವುಗಳಲ್ಲಿ ಕೆಲವಕ್ಕೆ ವಿಸ್ತರಣೆಗಳು ಬೇಕಾಗುತ್ತವೆ. ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಹೊಂದಿಸಿದ ಕಿರಿದಾದ ಫಲಕಗಳಲ್ಲಿ ಕನ್ನಡದ ಒತ್ತಕ್ಷರಗಳ ತಳಭಾಗ ಕತ್ತರಿಸಿದಂತೆ ಕಾಣುವುದರಿಂದ, ಫಲಕದ ಎತ್ತರವನ್ನು ಹೆಚ್ಚಿಸಬೇಕು ಅಥವಾ ಅಕ್ಷರದ ಗಾತ್ರವನ್ನು ತಗ್ಗಿಸಬೇಕು. ಪರಿಸರದ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದಾಗ ಕಡತಕೋಶಗಳ ಹೆಸರನ್ನೂ ಬದಲಾಯಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ಪಠ್ಯ ಪರದೆಯಲ್ಲಿ ದುರಸ್ತಿ ಸುಲಭವಾಗಲು ಹಳೆಯ ಹೆಸರುಗಳನ್ನೇ ಉಳಿಸಿಕೊಳ್ಳುವುದು ಒಳಿತು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದಕ್ಕೂ ಮುನ್ನ ‘ಕಾನ್ಫಿಗ್’ ಕಡತಕೋಶದ ಪ್ರತಿಯನ್ನು ತೆಗೆದಿಟ್ಟುಕೊಂಡರೆ ಯಾವ ಬದಲಾವಣೆಯಿಂದ ದೋಷ ಉಂಟಾಯಿತೆಂದು ಗುರುತಿಸಿ ಹಿಂದಿನ ಸ್ಥಿತಿಗೆ ಮರಳಬಹುದು.