ಸೆಲ್ಫ್ ‘ಟಿಕ್’ ಎಂದು ಸುಮ್ಮನಾದರೆ

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಹಾಗಾಗಿ ಇಂದು ಓಡಾಡುತ್ತಿರುವ 800ಗಳಲ್ಲಿ ತೀರಾ ಹೊಸದಕ್ಕೂ ಹತ್ತು ವರ್ಷ ದಾಟಿದೆ. ಈ ವಯಸ್ಸಿನ ಕಾರು ಗೊಣಗದೆ ಇರುತ್ತದೆಯೇ? ಗ್ಯಾರೇಜಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ತೀರ್ಪು ಎರಡೇ: ‘ಬೋರ್ ಹೋಗಿದೆ’ ಅಥವಾ ‘ಬ್ಯಾಟರಿ ಹೋಗಿದೆ’. ಎರಡೂ ದುಬಾರಿ. ಎಷ್ಟೋ ಸಲ ಎರಡೂ ತಪ್ಪು.

ಸದ್ದಿನ ಗುಟ್ಟು ಅದರ ತಾಳದಲ್ಲಿದೆ. 800ರ ಮೂರು ಸಿಲಿಂಡರಿನ, 796 ಸಿಸಿ ಎಂಜಿನ್ ನಾಲ್ಕು ಸ್ಟ್ರೋಕಿನದು. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ವಾಲ್ವ್‌ಗಳನ್ನು ಒತ್ತುವ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಐಡಲ್‌ನಲ್ಲಿ ನಿಮಿಷಕ್ಕೆ 900 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ ಕ್ರ್ಯಾಂಕ್ 15 ಸುತ್ತು, ಕ್ಯಾಮ್ ಏಳೂವರೆ. ಸಡಿಲವಾದ ಟ್ಯಾಪೆಟ್ ಒಂದು ಸೆಕೆಂಡಿಗೆ ಏಳೆಂಟು ಬಾರಿ ‘ಟಿಕ್ ಟಿಕ್’ ಎನ್ನುತ್ತದೆ, ಅದೂ ಎಂಜಿನ್ನಿನ ಮೇಲ್ಭಾಗದಿಂದ. ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದಿದ್ದರೆ ಬಡಿತ ಅದರ ಇಮ್ಮಡಿ ವೇಗದ್ದು. ಸದ್ದು ದಪ್ಪ, ಬರುವುದು ಕೆಳಗಿನಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿದರೆ ಜಾಗ ಇನ್ನಷ್ಟು ಖಚಿತವಾಗುತ್ತದೆ. ಹಳೆಯ ಮೇಸ್ತ್ರಿಗಳಿಗೆ ಇದೇ ಸ್ಟೆತಸ್ಕೋಪು. ಫ್ಯಾನು, ಬೆಲ್ಟುಗಳಿಂದ ದೂರವಿರಬೇಕು, ಅಷ್ಟೇ.

ಟ್ಯಾಪೆಟ್ ಸದ್ದಿಗೆ ಹೆದರಬೇಕಿಲ್ಲ. ಬೇರಿಂಗ್ ಸದ್ದಿಗೆ ಹೆದರಲೇಬೇಕು. ಅದು ಭಾರ ಬಿದ್ದಾಗ ಜೋರಾಗುತ್ತದೆ. ಅನುಭವಿ ಮೆಕ್ಯಾನಿಕ್ ಒಂದೊಂದೇ ಸಿಲಿಂಡರಿನ ಕಿಡಿಯನ್ನು ತಡೆದು ನೋಡುವುದು ಇದಕ್ಕೇ: ಯಾವುದನ್ನು ತಡೆದಾಗ ಬಡಿತ ಇಳಿಯಿತೋ ಅದೇ ಅಪರಾಧಿ. ಜೊತೆಗೆ ಆಯಿಲ್ ದೀಪವೂ ಹೊತ್ತಿಕೊಂಡಿದ್ದರೆ ‘ಮನೆತನಕ ಹೋಗಿಬಿಡೋಣ’ ಎನ್ನಬೇಡಿ, ಅಲ್ಲೇ ಎಂಜಿನ್ ಆಫ್ ಮಾಡಿ. ಇನ್ನು ಟೈಮಿಂಗ್ ಬೆಲ್ಟ್ ಎಂಬ ರಬ್ಬರ್ ಪಟ್ಟಿಯಿದೆ. ಅದು ಹೆಚ್ಚಾಗಿ ಯಾವ ಮುನ್ಸೂಚನೆಯನ್ನೂ ಕೊಡದೆ ತುಂಡಾಗುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಆದೊಡನೆ ‘ಕೀರ್’ ಎಂದು ಕಿರುಚಿ ಸುಮ್ಮನಾಗುವುದು ಡೈನಮೋ ಬೆಲ್ಟು. ಸೆಲ್ಫ್ ಖಾಲಿ ಮಾಡಿದ್ದನ್ನು ಬ್ಯಾಟರಿಗೆ ಮರಳಿ ತುಂಬಲು ಡೈನಮೋ ಆಗ ಹೆಚ್ಚು ದುಡಿಯುತ್ತದೆ, ಸಡಿಲ ಬೆಲ್ಟು ಜಾರುತ್ತದೆ.

ವಿದ್ಯುತ್ ದೋಷವೂ ಭಾರ ಬಿದ್ದಾಗಲೇ ಬಾಯಿಬಿಡುವುದು. ಹೆಡ್‌ಲೈಟ್ ಪ್ರಕಾಶಮಾನ, ಹಾರ್ನ್ ಜೋರು, ಆದರೆ ಕೀ ತಿರುಗಿಸಿದರೆ ಸೆಲ್ಫ್ ‘ಟಿಕ್’ ಎಂದು ಸುಮ್ಮನಾಗುತ್ತದೆ. ಬ್ಯಾಟರಿ ಟರ್ಮಿನಲ್ಲಿನಲ್ಲಿ ಕಟ್ಟಿದ ಬಿಳಿ-ಹಸಿರು ಪುಡಿ 0.03 ಓಮ್‌ನಷ್ಟು ತಡೆ ಒಡ್ಡುತ್ತಿದೆ ಎನ್ನೋಣ. ಎರಡು ಹೆಡ್‌ಲೈಟಿಗೆ ಸುಮಾರು 10 ಆಂಪಿಯರ್ ಸಾಕು. ಆಗ ನಷ್ಟವಾಗುವುದು 0.3 ವೋಲ್ಟ್, ಕಣ್ಣಿಗೆ ಗೊತ್ತೇ ಆಗದು. ಸೆಲ್ಫ್ 100 ಆಂಪಿಯರ್ ಎಳೆಯಹೊರಟರೆ ಅದೇ ಪುಡಿ 3 ವೋಲ್ಟ್ ನುಂಗುತ್ತದೆ. ಟರ್ಮಿನಲ್ ಮುಟ್ಟಿದರೆ ಬಿಸಿ. ಮಲ್ಟಿಮೀಟರಿನಲ್ಲಿ ಓಮ್ ಅಳೆದರೂ ಈ ದೋಷ ಸಿಗುವುದಿಲ್ಲ, ಏಕೆಂದರೆ ಮೀಟರಿನ ವೈರುಗಳ ತಡೆಯೇ ಇದಕ್ಕಿಂತ ಹೆಚ್ಚಿರುತ್ತದೆ.

ಇನ್ನೊಂದು ಕಳ್ಳದಾರಿ ಅರ್ಥಿಂಗ್‌ನದು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದು. ಅದಕ್ಕೇ ಎಂಜಿನ್ನಿಗೊಂದು ದಪ್ಪ ಅರ್ತ್ ವೈರು. ಅದು ತುಕ್ಕು ಹಿಡಿದರೆ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್ಲಿನ ಮೂಲಕವೇ ಹಾದು ಅದನ್ನು ಸುಟ್ಟ ಉದಾಹರಣೆಗಳೂ ಉಂಟು. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿನುಗುವ ಚೋದ್ಯಕ್ಕೂ ಹೆಚ್ಚಾಗಿ ಕಾರಣ ಕೆಟ್ಟ ಅರ್ತ್, ಈ ಸಲ ಹಿಂದಿನ ದೀಪದ್ದು.

ಪರೀಕ್ಷೆ ಸುಲಭ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರನ್ನು ಡಿಸಿ ವೋಲ್ಟಿಗಿಟ್ಟು ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿಯಿರಿ; ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಅರ್ತ್ ದಾರಿಯಲ್ಲೇ ಇದೆ. ಪ್ಲಸ್ ಕಂಬದಿಂದ ಸೆಲ್ಫ್‌ನ ದಪ್ಪ ವೈರಿನ ತುದಿಗೂ ಹೀಗೇ ನೋಡಿ. ಎರಡೂ ಸರಿಯಿದ್ದರೆ ಬ್ಯಾಟರಿಯತ್ತ ತಿರುಗಿ: ತುಂಬಿದ್ದು ಸುಮ್ಮನಿದ್ದಾಗ 12.6 ವೋಲ್ಟಿನ ಹತ್ತಿರ, ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು.

ಹೊಸ ಬ್ಯಾಟರಿಗೆ ದುಡ್ಡು ಎಣಿಸುವ ಮೊದಲು ಟರ್ಮಿನಲ್ ಉಜ್ಜಿಸಿ, ಅರ್ತ್ ವೈರು ಅಳೆಸಿ. ಅಳೆಯಲು ಒಪ್ಪದ ಗ್ಯಾರೇಜಿಗೆ ಗಾಡಿ ಬಿಡಬೇಡಿ.